ಕಾಂತೇಶ ಬರೆದ ಐದನೇ ವಾಕ್ಯ

"ಮೇಡಂ, ಹಂಗಾರ 'ಫ್ರೆಂಡ್ಲಿ' ಏನ್ರಿ?"

ಹಿಂದಿನ ಬೆಂಚಿನಿಂದ ಬಂದ ಆ ದನಿಗೆ ಮಾಲಾಳ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತುಬಿಟ್ಟಿತು.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಕೋಣೆ. ನಿಜಗುಣಪ್ಪ ಸರ್ ನಡೆಸುವ ಕೋಚಿಂಗ್ ಕ್ಲಾಸು. ಸಿರಸಂಗಿಯ ಮಾಲಾ ಅಲ್ಲಿ ಇಂಗ್ಲಿಷ್ ಕಲಿಸಲು ಸೇರಿ ಬರೀ ನಾಲ್ಕು ದಿನವಾಗಿತ್ತು. ಅವತ್ತು ಆ್ಯಡ್‌ವರ್ಬ್, ಅಂದರೆ ಕ್ರಿಯಾವಿಶೇಷಣದ ಪಾಠ. ಕೆಲಸ ಹೇಗೆ ನಡೆಯಿತೆಂದು ಹೇಳುವ ಪದ. ಕೊನೆಯಲ್ಲಿ 'ಎಲ್‌ವೈ' ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿ ಎಂದು ಆಗಷ್ಟೇ ಹೇಳಿದ್ದಳು.

"ಅದೂ... ಆ್ಯಡ್‌ವರ್ಬೇ."

"ಅಲ್ರಿ ಮೇಡಂ. ಫ್ರೆಂಡ್ಲಿ ಅಡ್ಜೆಕ್ಟಿವ್ ಐತಿ. ಡಿಕ್ಷನರಿಯೊಳಗ ನೋಡೇನಿ."

ಯಾರೋ ಕಿಸಕ್ಕನೆ ನಕ್ಕರು. ಮಾಲಾಳ ಕಿವಿ ಬಿಸಿಯಾದವು. ಕೇಳಿದವನು ಕಾಂತೇಶ. ದೊಡವಾಡದಲ್ಲಿ ಲೈನ್‌ಮನ್, ಬಡ್ತಿ ಪರೀಕ್ಷೆಗೆ ಓದುತ್ತಿದ್ದ. ಅವನು ನಗುತ್ತಿರಲಿಲ್ಲ. ಆದರೆ ಅವಳಿಗೆ ಆ ಕ್ಷಣ ಎಲ್ಲರ ನಗುವೂ ಅವನದೇ ಅನ್ನಿಸಿತು.

'ನನ್ನ ಮರ್ಯಾದೆ ತೆಗೆಯಲಿಕ್ಕೇ ಬಂದಿದ್ದಾನೆ!'

ಕ್ಲಾಸು ಮುಗಿದ ಮೇಲೆ ಹುಡುಕಿ ನೋಡಿದಳು. ಅವನ ಮಾತೇ ಸರಿ. ಆದರೆ ಮರುದಿನ ಅದನ್ನು ಒಪ್ಪಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ಮನೆತನದಲ್ಲೇ ಮೊದಲು ಡಿಗ್ರಿ ಓದಿದವಳು ಅವಳು. ಮನೆ ಕಟ್ಟುವ ಗೌಂಡಿ ಕೆಲಸದ ಅಪ್ಪ ದುರ್ಗಪ್ಪ, ಮಗಳು ಮೇಡಂ ಆದಳೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದ.

ಎರಡು ದಿನ ಕಳೆದು ನಿಜಗುಣಪ್ಪ ಸರ್ ಕರೆದರು.

"ಮಾಲಾ, ತಪ್ಪು ಕಲಸ್ತೀರಿ ಅಂತ ಕಂಪ್ಲೇಂಟ್ ಬಂದೈತ್ರಿ. ಇನ್ನೊಮ್ಮೆ ಹಿಂಗಾದ್ರ ನಾ ಬ್ಯಾರೆಯವ್ರನ್ನ ನೋಡಬೇಕಾಗತೈತಿ."

'ಅವನೇ... ಅವನಲ್ಲದೆ ಇನ್ಯಾರು!'

ಅಂದಿನಿಂದ ಕಾಂತೇಶ ಏನು ಕೇಳಿದರೂ ಮಾಲಾ ಕೇಳಿಸದವಳಂತೆ ಮುಂದಿನ ಬೆಂಚಿನ ಕಡೆ ತಿರುಗುತ್ತಿದ್ದಳು. ಅವನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಡ್ಯೂಟಿ ಮುಗಿಸಿ, ಧೂಳು ಮೆತ್ತಿದ ಬೂಟಿನಲ್ಲೇ ಬಸ್ಸಿಳಿದು ಬರುತ್ತಿದ್ದ.

ಆ ವಾರ ಹೋಮ್‌ವರ್ಕ್ ಎಂದು ಆ್ಯಡ್‌ವರ್ಬ್ ಬಳಸಿ ಐದು ವಾಕ್ಯ ಬರೆಯಲು ಹೇಳಿದಳು. ಮರುದಿನ ಕಾಂತೇಶನ ನೋಟ್‌ಬುಕ್ ತೆರೆದಳು. ನಾಲ್ಕು ವಾಕ್ಯ ಸರಿಯಿದ್ದವು. ಐದನೆಯದನ್ನು ಓದಿ ಅವಳ ಕಣ್ಣು ಮಂಜಾಯಿತು.

'ಅವರ್ ಟೀಚರ್ ಹಾರ್ಡ್ಲಿ ಟೀಚಸ್.'

ನಮ್ಮ ಟೀಚರ್ ಪಾಠ ಮಾಡುವುದೇ ಅಪರೂಪ!

ಡಿಕ್ಷನರಿ ನೋಡುವವನಿಗೆ ಅರ್ಥ ಗೊತ್ತಿಲ್ಲದೇ ಇರುತ್ತದೆಯೇ? ಬೇಕೆಂತಲೇ ಬರೆದಿದ್ದಾನೆ!

"ಕಾಂತೇಶ ಅವರ, ನನ್ನ ಪಾಠ ಬ್ಯಾಡಾಗಿದ್ರ ನಾಳಿಂದ ಬರಬ್ಯಾಡ್ರಿ!"

ಕಾಂತೇಶ ಎದ್ದು ಬಂದ. ನೋಟ್‌ಬುಕ್ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಗೆದ್ದೆನೆಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಉಳಿದ ನೋಟ್‌ಬುಕ್ ತಿದ್ದುತ್ತ ಕೂತಳು. ಮಹಾನಂದಾ ಎಂಬ ಹುಡುಗಿಯ ಪುಟದಲ್ಲಿ ಇನ್ನೊಂದು ವಾಕ್ಯ: 'ಮೈ ಫಾದರ್ ಹಾರ್ಡ್ಲಿ ವರ್ಕ್ಸ್.'

"ಮಹಾನಂದಾ, ನಿಮ್ಮಪ್ಪ ದುಡಿಯೂದಿಲ್ಲೇನು?"

"ಅಯ್ಯ, ಏನಂತೀರಿ ಮೇಡಂ! ಒಂದ ದಿನಾನೂ ಮನ್ಯಾಗ ಕುಂದ್ರಾಂಗಿಲ್ರಿ. 'ಹಾರ್ಡ್' ಅಂದ್ರ ಕಷ್ಟಪಟ್ಟು ಅಂತಲ್ರಿ? ನೀವ ಹೇಳಿದಂಗ ಎಲ್‌ವೈ ಹಚ್ಚೇನಿ."

ಮಾಲಾಳಿಗೆ ಆಗ ಹೊಳೆಯಿತು. 'ಹಾರ್ಡ್' ಎಂದರೆ ಕಷ್ಟಪಟ್ಟು. 'ಹಾರ್ಡ್ಲಿ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಕಾಂತೇಶ ಬರೆಯಲು ಹೊರಟಿದ್ದು... ನಮ್ಮ ಟೀಚರ್ ಕಷ್ಟಪಟ್ಟು ಕಲಿಸುತ್ತಾರೆ ಎಂದು!

"ಮೇಡಂ, ಒಂದು ಮಾತು," ಮಹಾನಂದಾ ತಡವರಿಸಿದಳು. "ಕಂಪ್ಲೇಂಟ್ ಕೊಟ್ಟವ್ರು ಮುಂದಿನ ಬೆಂಚಿನವ್ರು. ಕಾಂತೇಶಣ್ಣ ನಿಜಗುಣಪ್ಪ ಸರ್ ಕಡೆ ಹೋಗಿ, 'ಮೇಡಮ್‌ನ ತಗದ್ರ ನಾನೂ ಬಿಡತೇನಿ, ಅವ್ರು ಹೊಸಬ್ರದಾರ, ಮುಂದ ಚಲೋ ಕಲಸ್ತಾರ' ಅಂದಾನ್ರಿ."

ಮರುದಿನ ಬೆಳಿಗ್ಗೆಯೇ ಮಾಲಾ ದೊಡವಾಡದ ಬಸ್ ಹತ್ತಿದಳು.

ಊರ ಹೊರಗಿನ ಕಂಬದ ತುದಿಯಲ್ಲಿ ಕಾಂತೇಶ ಕೆಲಸ ಮಾಡುತ್ತಿದ್ದ. ಕೆಳಗೆ ಅವಳನ್ನು ಕಂಡು ಗಾಬರಿಯಿಂದ ಇಳಿದು ಬಂದ.

"ಮೇಡಂ! ಇಲ್ಲಿಗ್ಯಾಕ ಬಂದ್ರಿ? ಏನಾತು?"

"ತಪ್ಪು ನಂದು. ಫ್ರೆಂಡ್ಲಿ ವಿಷಯದಾಗ ನೀವು ಹೇಳಿದ್ದ ಖರೇ. ಹಾರ್ಡ್ಲಿ ಅಂತ ನೀವು ಬರದಿದ್ದೂ ನಾ ಕಲಿಸಿದ ತಪ್ಪಿನಿಂದ..." ಅವಳು ಅರ್ಥ ವಿವರಿಸಿದಾಗ ಅವನ ಮುಖ ಕಪ್ಪಿಟ್ಟಿತು.

"ಅಯ್ಯಯ್ಯ! ನಾ ಹಂಗ ಬರದೆ ಏನ್ರಿ? ನೀವು ಎಷ್ಟು ನೊಂದ್ಕೊಂಡಿರಬೇಕು..."

ಬೈಸಿಕೊಂಡವನು ಅವನು. ಮರುಗುತ್ತಿದ್ದುದು ಅವಳಿಗಾಗಿ! ಮಾಲಾ ತಲೆ ತಗ್ಗಿಸಿದಳು.

"ಅವತ್ತು ಎಲ್ಲಾರ ಮುಂದ ಕೇಳಿದ್ದು ನಂದೂ ತಪ್ಪರಿ," ಅವನು ಮೆಲ್ಲಗೆ ಹೇಳಿದ. "ಹೋದ ಸಲ ಪರೀಕ್ಷಾದಾಗ ಫ್ರೆಂಡ್ಲಿನ ಬಂದಿತ್ತು. ಅದೊಂದ ಮಾರ್ಕಿನಾಗ ಫೇಲ್ ಆದೆ. ಅದಕ್ಕ ಬಾಯಿ ತಡೀಲಿಲ್ಲ."

ಅಂದು ಸಂಜೆ ಮಾಲಾ ಇಡೀ ಕ್ಲಾಸಿನ ಮುಂದೆ, "ನಾ ತಪ್ಪು ಕಲಿಸಿದ್ದೆ," ಎಂದಳು. ಬಾಲ ನೋಡಿ ಪದ ಗುರುತಿಸಬೇಡಿ, ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ನೋಡಿ ಎಂದು ಮೊದಲಿನಿಂದ ಪಾಠ ಶುರು ಮಾಡಿದಳು. ಯಾರೂ ನಗಲಿಲ್ಲ. ನಿಜಗುಣಪ್ಪ ಸರ್ ಬಾಗಿಲಲ್ಲಿ ನಿಂತು ಕೇಳಿ, ಸುಮ್ಮನೆ ತಲೆಯಾಡಿಸಿ ಹೋದರು.

ಆಮೇಲೆ ಐದು ತಿಂಗಳು. ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆಯುತ್ತಿದ್ದರು. ಮೊದಲು ವ್ಯಾಕರಣ, ಆಮೇಲೆ ಊರ ಸುದ್ದಿ, ಆಮೇಲೆ ಮಾತೇ ಬೇಡದ ನಡಿಗೆ. ಅವನ ಬಸ್ ಮೊದಲು ಬಂದ ದಿನ ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

ಕಾಂತೇಶ ಪಾಸಾದ. ಒಂದು ಮಧ್ಯಾಹ್ನ ಪೇಢೆ ಪೊಟ್ಟಣ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾಯುತ್ತಿದ್ದ.

"ಬಡ್ತಿ ಆರ್ಡರ್ ಬಂತ್ರಿ. ರಾಮದುರ್ಗಕ್ಕ ಹಾಕ್ಯಾರ. ಸೋಮವಾರ ಹೋಗಬೇಕು."

"ಹೌದಾ... ಚಲೋ ಆತಲ್ರಿ," ಎಂದಳು. ಅವನು ಕೊಟ್ಟ ಪೇಢೆಯನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಳು.

ರಾಮದುರ್ಗದ ಬಸ್ಸೊಂದು ಬಂದು ನಿಂತು, ಜನ ಹತ್ತಿಸಿಕೊಂಡು ಹೋಯಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

"ಮಾಲಾ..." ಅವನು ಹಾಗೆ ಕರೆದದ್ದು ಅದೇ ಮೊದಲು. "ನಂಗ ನಿಮ್ಮನ್ನ ಬಿಟ್ಟು ಹೋಗೂ ಮನಸಿಲ್ಲ. ನೀವು ಹೂಂ ಅಂದ್ರ ನಾ ನಿಮ್ಮಪ್ಪನ್ನ ಕೇಳತೇನಿ. ಬ್ಯಾಡಂದ್ರ... ಮತ್ತೊಮ್ಮೆ ಈ ಮಾತು ಎತ್ತೂದಿಲ್ಲ."

ಮಾಲಾಳ ಕಣ್ಣು ತುಂಬಿ ಬಂದವು. ತುಟಿಯಲ್ಲಿ ನಗು.

"ಸೋಮವಾರ ಹೋಗೂ ಮುಂಚೆ, ಐತಾರ ಸಿರಸಂಗಿಗೆ ಬರ್ರಿ. ಅಪ್ಪ ಮನ್ಯಾಗ ಇರತಾನ."

"ಬರತೇನಿ. ಆದ್ರ... ಅವ್ರ ಮುಂದ ಹೆಂಗ ಶುರು ಮಾಡ್ಲಿ? ಎದಿ ಈಗ್ಲೇ ಹೊಡ್ಕೊಳ್ಳಾಕತ್ತೈತಿ!"

"ಹೊಡ್ಕೊಳ್ಳೂದು ಬಿಡ್ರಿ. ನಾ ಹೋದ ವಾರ ಅಪ್ಪಗ ಎಲ್ಲಾ ಹೇಳೇನಿ."

ಕಾಂತೇಶ ಬೆರಗಾದ. "ನಾ ಕೇಳೂಕಿಂತ ಮುಂಚೆನ? ಮತ್ತ... ಅಪ್ಪಾರು ಏನಂದ್ರು?"

"'ಆ ಹುಡುಗ ಇನ್ನೂ ಯಾಕ ಬಂದಿಲ್ಲ?' ಅಂದ."