ಕರೆದಿರೋ, ಎತ್ತು ಅಂದಿರೋ?

“ನೀರೂ ಇಲ್ಲ, ಗೀರೂ ಇಲ್ಲ! ಹೊಡ್ಕಂಡ್ ಹೋಗು ನಿನ್ ಕುರೀನ!”

ದಾಕ್ಷಾಯಣಮ್ಮ ತೊಟ್ಟಿಯ ನಲ್ಲಿ ನಿಲ್ಲಿಸಿಬಿಟ್ಟರು. ಮುಂದಿದ್ದ ಕುರಿಗಳು ಒಣ ತೊಟ್ಟಿಯನ್ನು ಮೂಸಿ, ಎತ್ತಪ್ಪನ ಮುಖ ನೋಡಿದವು.

ಎತ್ತಪ್ಪ ಐದನೇ ಕ್ಲಾಸು. ಅಂದು ಭಾನುವಾರ. ಅಪ್ಪ ದುರ್ಗಕ್ಕೆ ಹೋಗಿದ್ದರಿಂದ ಕುರಿ ಕಾಯುವ ಕೆಲಸ ಅವನದಾಗಿತ್ತು. ಹಿರೇಗುಂಟನೂರಿನ ಆ ಬದಿಯಲ್ಲಿ ಬೇಸಿಗೆಗೆ ಕುರಿಗಳಿಗೆ ನೀರು ಸಿಗುವುದು ದಾಕ್ಷಾಯಣಮ್ಮನ ಬೋರ್‌ವೆಲ್ ತೊಟ್ಟಿಯಲ್ಲಿ ಮಾತ್ರ.

“ಯಾಕಜ್ಜಿ? ನಾನೇನ್ ಮಾಡೀನಿ?”

“ಏನೂ ಗೊತ್ತಿಲ್ದೋನ ಥರ ಕೇಳ್ತೀಯಲ್ಲ! ಮಧ್ಯಾಹ್ನ ನನ್ ಪತ್ರೆ ಗಿಡದ ಕುಂಡ ಒಡೆದೋನು ನೀನೇ. ಕಾಂಪೌಂಡ್ ಹತ್ರ ‘ಎತ್ತಪ್ಪ, ಎತ್ತಪ್ಪ’ ಅಂತ ಯಾರೋ ಕೂಗಿದ್ರು. ಹಿಂದೇನೇ ಢಬ್ ಅಂತು. ನನಗೇನು ಕಿವುಡಾ?”

“ಮಧ್ಯಾಹ್ನ ನಾನು ಗುಡ್ಡದಾಗಿದ್ದೆ!”

“ಯಾರು ನೋಡಿದ್ರು?”

ಎತ್ತಪ್ಪ ಸುತ್ತ ನೋಡಿದ. “ಇವೇ... ಕುರಿ.”

“ಓಹೋ! ಸಾಕ್ಷಿ ಹೇಳ್ತಾವೇನು? ತಪ್ಪಾಯ್ತು ಅನ್ನು, ನೀರು ಬಿಡ್ತೀನಿ.”

“ಮಾಡ್ದೇ ಇರೋದಕ್ಕೆ ಯಾಕೆ ಅನ್ಲಿ?”

ಗೇಟು ಧಡಾರನೆ ಮುಚ್ಚಿತು.

ಮನೆಯಲ್ಲಿ ಅವ್ವ ಕಾಟಮ್ಮ ಇದ್ದಬದ್ದ ಕೊಡಗಳ ನೀರನ್ನೆಲ್ಲ ಕುರಿಗಳ ಬಾನಿಯೊಳಕ್ಕೆ ಸುರಿದಳು. ಅರ್ಧ ಮಂದೆಗೂ ಸಾಲಲಿಲ್ಲ.

“ಒಂದ್ ಮಾತು ಅಂದ್ಬಿಡಪ್ಪ. ಅದು ಅವರ ಮಗಳು ದೇವಿಕಾ ನೆಟ್ಟಿದ್ ಗಿಡ. ಆ ಹುಡುಗಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ.”

“ಅದಕ್ಕೆ ಮಾಡ್ದೇ ಇರೋ ತಪ್ಪು ನಾನು ಹೊತ್ಕೋಬೇಕಾ? ಎಲ್ಲ ಈ ಹೆಸರಿಂದಾನೇ! ಕ್ಲಾಸಲ್ಲೂ ಅಷ್ಟೇ. ‘ಬ್ಯಾಗ್ ಎತ್ತಪ್ಪ, ಬೆಂಚ್ ಎತ್ತಪ್ಪ’ ಅಂತ ಆಡ್ಕಂಡ್ ನಗ್ತಾರೆ.”

“ನಿಮ್ ತಾತನ ಹೆಸರದು. ದೇವರ ಹೆಸರು. ಹಂಗೆಲ್ಲ ಅನ್ಬಾರ್ದು” ಎಂದಳು ಅವ್ವ.

ಬೆಳಿಗ್ಗೆ ಎದ್ದಾಗ ಕುರಿಗಳು ಬಾಯಾರಿ ಕೂಗುವುದನ್ನು ಕೇಳಿ ಸಹಿಸಲಾಗಲಿಲ್ಲ. ಎತ್ತಪ್ಪ ದಾಕ್ಷಾಯಣಮ್ಮನ ಮನೆಯ ಕಡೆ ನಡೆದ. ದಾರಿಯುದ್ದಕ್ಕೂ ಬಿರುಸು ಬಿರುಸಾದ ಮಾತುಗಳನ್ನು ಜೋಡಿಸಿಕೊಂಡ. ನಿಮಗೆ ನ್ಯಾಯ ಗೊತ್ತೈತಾ? ಬಾಯಿಲ್ಲದ ಪ್ರಾಣಿಗಳು ಏನು ಮಾಡಿದ್ದವು? ಎಲ್ಲವನ್ನೂ ಕೇಳಿಯೇ ಬಿಡಬೇಕು.

ಅಲ್ಲಿ ಸಿಲಿಂಡರ್ ಆಟೋದ ಮಾರಣ್ಣ ತುಂಬಿದ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು.

“ಹೊಸ್ತಿಲಿಗೆ ತಾಗಿಸ್‌ಬ್ಯಾಡ! ಎತ್ತಪ್ಪ! ಇನ್ನೂ ಸ್ವಲ್ಪ ಎತ್ತಪ್ಪ!”

“ಏನಜ್ಜಿ?” ಎಂದ ಎತ್ತಪ್ಪ, ಗೇಟಿನಿಂದಲೇ.

ಅವರು ಗಕ್ಕನೆ ತಿರುಗಿದರು. “ನಿನ್ನ ಯಾರು ಕರೆದ್ರೋ?”

“ನೀವೇ ಕರೆದ್ರಲ್ಲ. ಎತ್ತಪ್ಪ ಅಂತ. ಎರಡು ಸಲ.”

ಮಾರಣ್ಣ ಸಿಲಿಂಡರ್ ಹೊತ್ತಂತೆಯೇ ಕಿಸಕ್ಕೆಂದ. ದಾಕ್ಷಾಯಣಮ್ಮ ನಗಲಿಲ್ಲ. ನಿನ್ನೆಯ ಕೂಗು ನೆನಪಾದವರಂತೆ ಕಾಂಪೌಂಡಿನ ಕಡೆ ತಿರುಗಿದರು.

ಎತ್ತಪ್ಪನಿಗೂ ಆಗಲೇ ಹೊಳೆಯಿತು. ಪಕ್ಕದಲ್ಲಿ ಹೊಸ ಮನೆ ಏಳುತ್ತಿತ್ತು. ನಿನ್ನೆ ಮಧ್ಯಾಹ್ನ ಆಳುಗಳು ಎತ್ತಿ ಇಳಿಸಿದ ಉದ್ದನೆಯ ಪೈಪುಗಳು ಕಾಂಪೌಂಡಿಗೆ ಒರಗಿದ್ದವು. ಒಂದರ ತುದಿ ಗೋಡೆ ದಾಟಿ ಈಚೆಗೆ ಚಾಚಿತ್ತು. ಅದಕ್ಕೆ ಕುಂಡದ ಕೆಮ್ಮಣ್ಣು ಮೆತ್ತಿಕೊಂಡಿತ್ತು.

ಅವನು ಅದರ ಕಡೆ ಬೆರಳು ತೋರಿಸಿದ.

ದಾಕ್ಷಾಯಣಮ್ಮ ಪೈಪು ನೋಡಿದರು. ಆಮೇಲೆ ಮೂಲೆಯ ಹಳೆಯ ಬಕೆಟ್ ನೋಡಿದರು. ಅದರಲ್ಲಿ ಪತ್ರೆ ಗಿಡ ಕಡ್ಡಿಗೆ ಆತುಕೊಂಡು ನಿಂತಿತ್ತು. ಮುರಿದ ಕೊಂಬೆಗೆ ಸೀರೆಯ ಅಂಚು ಹರಿದು ಕಟ್ಟಿದ್ದರು.

“ಕುರಿ ಎಲ್ಲಿ ಅವೆ?”

“ಹಟ್ಟೀಲಿ. ಬಾಯಾರಿ ಕೂಗ್ತಾ ಅವೆ.”

ಅವರು ಸರಸರನೆ ಹೋಗಿ ನಲ್ಲಿ ತಿರುಗಿಸಿದರು. ನೀರು ದಬದಬನೆ ತೊಟ್ಟಿಗೆ ಬಿತ್ತು. ಎತ್ತಪ್ಪ ಕಾದ. ಕುಂಡ ಒಡೆದವನು ನೀನಲ್ಲ ಅಂತ ಒಂದು ಮಾತು! ನಿನ್ನೆ ತನ್ನಿಂದ ಕೇಳಿದ್ದರಲ್ಲ, ಅದೇ ತಪ್ಪಾಯ್ತು ಅನ್ನುವ ಮಾತು! ಅವರ ಬಾಯಿಂದ ಯಾವುದೂ ಬರಲಿಲ್ಲ. ಅವನು ಕುರಿಗಳನ್ನು ಹೊಡೆದುಕೊಂಡು ಬರಲು ತಿರುಗಿದ.

“ಎತ್ತಪ್ಪ.”

ಈ ಸಲ ದನಿ ಸಣ್ಣಗಿತ್ತು. ಅವರು ಬಕೆಟ್ಟಿನ ಪಕ್ಕ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಕರೆದ್ರೋ ಅಜ್ಜಿ, ಎತ್ತು ಅಂದ್ರೋ?”

ದಾಕ್ಷಾಯಣಮ್ಮನ ತುಟಿ ಅಲುಗಿತು. “ಎರಡೂನು ಕಣಪ್ಪ. ಬಿಸಿಲಿಗೆ ಇಡ್ಬೇಕು. ನನ್ ಕೈಲಿ ಆಗ್ತಿಲ್ಲ.”

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಇನ್ನೂ ಅವನ ಗಂಟಲಲ್ಲೇ ಇದ್ದವು. ಅವನು ಬಗ್ಗಿ, ಕಟ್ಟಿದ ಕೊಂಬೆ ಅಲುಗದ ಹಾಗೆ, ಎರಡೂ ಕೈಯಿಂದ ಬಕೆಟ್ ಎತ್ತಿಕೊಂಡ.