ಭಾವಮೈದನ ಪಾಸ್‌ವರ್ಡು

ಇದು ಖಂಡಿತ ನಡೆದಿದ್ದು. ಸುಳ್ಳಾದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ. ‘ನಾನು’ ಅನ್ನೋಕೆ ನಾಚಿಕೆ, ಅದಕ್ಕೆ ‘ಅವನು’ ಅಂತೀನಿ. ನೀವು ಗೊತ್ತಿಲ್ಲದೋರ ಥರ ಕೇಳಿ.

ಅವನು ಕಾಲುಚೀಲದ ಕಾರ್ಖಾನೇಲಿ ಹದಿನಾಲ್ಕು ವರ್ಷ ಸವೆದವನು. ಮೇಸ್ತ್ರಿ ಕುರ್ಚಿ ಖಾಲಿ ಆಯ್ತು. ಅದಕ್ಕೆ ಇಬ್ಬರೇ ಗಿರಾಕಿ, ಅವನು ಮತ್ತೆ ಅವನ ಹೆಂಡತಿ ತಮ್ಮ. ಹಾಜರಿ ಚೆನ್ನಾಗಿದ್ದೋನಿಗೆ ಕುರ್ಚಿ. ಅಲ್ಲೇ ಬಂತು ನೋಡಿ ಎಡವಟ್ಟು. ಅವನು ತಿಂಗಳಿಗೆ ಆರು ದಿನ ಚಕ್ಕರ್.

ಹಾಜರಿ ಎಲ್ಲಾ ಯೂನಿಕ್ಸ್ ಅನ್ನೋ ಥರದ ಕಂಪ್ಯೂಟರ್‌ನಲ್ಲಿ. ಅದರ ಪೂರ್ತಿ ಅಧಿಕಾರ ಕಾರ್ಖಾನೆ ನಡೆಸೋ ಮೇಡಂ ಒಬ್ಬರದ್ದೇ. ಆಯಮ್ಮ ಘಾಟಿ. ತನ್ನ ಪಾಸ್‌ವರ್ಡು ಯಾರಿಗೂ ಕೊಡದೆ, ಒಬ್ಬೊಬ್ಬರಿಗೆ ಒಂದೊಂದೇ ಕೆಲಸಕ್ಕೆ ಅಪ್ಪಣೆ ಕೊಟ್ಟಿದ್ರು. ಅವರವರ ಪಾಸ್‌ವರ್ಡು ಅವರವರೇ ಒತ್ತಬೇಕು. ಯಾರು, ಯಾವಾಗ, ಏನು ಮಾಡಿದ್ರು ಅಂತ ಅದು ಮೇಡಂ ರೂಮಿನ ಕಂಪ್ಯೂಟರ್‌ಗೆ ಚಾಡಿ ಹೇಳುತ್ತೆ. ಭಾವಮೈದನಿಗೆ ಹಾಜರಿ ತಿದ್ದೋ ಅಪ್ಪಣೆ. ಅವನಿಗೆ? ನಿಂತ ಪ್ರಿಂಟರ್ ಮತ್ತೆ ಶುರು ಮಾಡೋದು.

“ಭಾವ, ಪ್ರಿಂಟರ್ ನಿಂತಿದೆ. ನಿಮ್ಮ ಸಾಮ್ರಾಜ್ಯ ಸ್ವಲ್ಪ ನೋಡ್ಕೊಳ್ಳಿ!” ಅಂದ ಭಾವಮೈದ, ಎಲ್ಲರ ಮುಂದೆ.

ಅವನಿಗೆ ಉರಿದುಹೋಯ್ತು. ಭಾವಮೈದನ ಪಾಸ್‌ವರ್ಡು ಏನಿರುತ್ತೆ, ಮಗಳ ಮುದ್ದು ಹೆಸರು. ಆ ಮಗೂನ ತೊಟ್ಟಿಲಲ್ಲಿ ತೂಗಿದ್ದೇ ಇವನು. ಭಾವಮೈದನ ಹೆಸರಲ್ಲಿ ಒಳಗೆ ಹೋಗಿ ತನ್ನ ಹಾಜರಿ ತುಂಬಿಸ್ಕೊಂಡ್ರೆ ಆಯ್ತು. ಯಾರೂ ಗಮನಿಸ್ಲಿಲ್ಲ ಅಂದ್ರೆ ಇವನೇ ಮೇಸ್ತ್ರಿ. ಗಮನಿಸಿದ್ರೆ ಸಿಕ್ಕಿಬೀಳೋದು ಭಾವಮೈದ. ಇಂಥ ತಲೆ ಕಾಲುಚೀಲದಲ್ಲಿ ಕೊಳೀತಿದೆಯಲ್ಲ ಅಂತ ಅವನಿಗೆ ತನ್ನ ಮೇಲೇ ಕನಿಕರ ಬಂತು.

ಮಂಗಳವಾರ ಬೆಳಿಗ್ಗೆ ಮೂಗು ಹಿಡ್ಕೊಂಡು ಫೋನ್ ಮಾಡ್ದ. “ಬೇಡಂ, ಜ್ವರ.” ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಿಂದಿನ ಬಾಗಿಲಿಂದ, ತಲೆ ಮೇಲೆ ರಟ್ಟಿನ ಡಬ್ಬ ಹೊತ್ತು, ಮುಖ ಮರೆಸ್ಕೊಂಡು ಬಂದ. ಕಂಪ್ಯೂಟರ್ ರೂಮು ಖಾಲಿ. ಮಗು ಹೆಸರು ಒತ್ತಿದ, ಬಾಗಿಲು ತೆರೀತು. ಮೂರು ತಿಂಗಳ ಚಕ್ಕರ್ ಎಲ್ಲಾ ಹಾಜರ್! ಹಾಜರಿ ಹಾಕಿದ ದಿನಕ್ಕೆಲ್ಲ ಅದು ಬಂದ ಸಮಯ ಕೇಳೋದು, ಇವನು ತುಂಬಿಸ್ತಾ ಹೋದ. ಹತ್ತೇ ನಿಮಿಷ, ಮುಗೀತು.

ಮನೇಲಿ ಎರಡು ತಟ್ಟೆ ಊಟ ಬಾರಿಸ್ದ. “ಜ್ವರದೋರಿಗೆ ಇಷ್ಟು ಹಸಿವಾ?” ಅಂದ್ಲು ಹೆಂಡತಿ.

ಶುಕ್ರವಾರ ಮೇಡಂ ಇಬ್ಬರನ್ನೂ ಕರೆಸಿದ್ರು. ಭಾವಮೈದನ ಹೆಸರಲ್ಲಿ ಹಾಜರಿ ತಿದ್ದಿದ್ದನ್ನ ಕಂಪ್ಯೂಟರ್ ಚಾಡಿ ಹೇಳಿತ್ತು. “ನನ್ನ ಮಗಳಾಣೆ, ನಾನಲ್ಲ ಮೇಡಂ!” ಅಂದ ಭಾವಮೈದ.

“ಪಾಪ, ಭಾವನ ಮೇಲಿನ ಪ್ರೀತಿಗೆ ಮಾಡಿರ್ಬೇಕು. ಬಿಟ್ಬಿಡಿ ಮೇಡಂ,” ಅಂದ ಅವನು, ದೊಡ್ಡ ಮನಸ್ಸು ಮಾಡಿ. “ನಾನಂತೂ ಅವತ್ತು ಹಾಸಿಗೆ ಬಿಟ್ಟು ಎದ್ದಿಲ್ಲ.”

ಮೇಡಂ ಪರದೆ ಅವನ ಕಡೆ ತಿರುಗಿಸಿದ್ರು. ಚಕ್ಕರ್ ದಿನಕ್ಕೆಲ್ಲ ಬಂದ ಸಮಯ ಒಂಬತ್ತು, ಒಂಬತ್ತು, ಒಂಬತ್ತು. ಕೊನೇ ಸಾಲು ಜ್ವರದ ಮಂಗಳವಾರ, ಅದಕ್ಕೂ ಹಾಜರಿ ಹಾಕ್ಕೊಂಡಿದ್ದ. ಅಲ್ಲಿಗೆ ಬಂದಾಗ ಹದಿನಾಲ್ಕು ವರ್ಷದ ಕೈ ಅಭ್ಯಾಸ, ಗೋಡೆ ಗಡಿಯಾರ ನೋಡಿ ಒತ್ತಿಬಿಟ್ಟಿತ್ತು: ಒಂದು ಗಂಟೆ ಹತ್ತು ನಿಮಿಷ. “ಹಾಸಿಗೇಲಿದ್ದೋರು ಒಂದು ಹತ್ತಕ್ಕೆ ಬಂದ್ರು ಅಂತ ನಿಮ್ಮ ಭಾವಮೈದನಿಗೆ ಹೇಗ್ರೀ ಗೊತ್ತಾಯ್ತು?” ಅಂದ್ರು ಮೇಡಂ. ಜೀವಮಾನದಲ್ಲಿ ಅವನು ನಿಜ ಬರೆದಿದ್ದು ಅದೊಂದೇ ಸಲ. ಈಗ ಭಾವಮೈದ ಮೇಸ್ತ್ರಿ, ಅವನು ಮನೇಲಿ. ಸರಿ, ನನ್ನ ಗುಟ್ಟು ಪೂರ್ತಿ ಕೇಳಿದ್ರಲ್ಲ, ಇನ್ನು ನಿಮ್ಮ ಸರದಿ. ನಿಮ್ಮ ಪಾಸ್‌ವರ್ಡು ಏನು? ಮೆಲ್ಲಗೆ ಹೇಳಿ, ಕಿವಿ ಇಲ್ಲೇ ಇದೆ.