ನಲವತ್ತೊಂದನೇ ನಂಬರಿನ ರಕ್ತ

"ಕಣ್ಣು ಮುಚ್ಕಳ್ರಿ... ಮುಗೀತು ಅಂದಾಗ ತೆಗೀರಿ."

ಯಮುನಾ ಕಣ್ಣು ಮುಚ್ಚಲಿಲ್ಲ. ಚಿತ್ರದುರ್ಗದ ಮಂಡಕ್ಕಿ ಭಟ್ಟಿಯಲ್ಲಿ ಹತ್ತು ವರ್ಷ ಬೆಂಕಿಯ ಮುಂದೆ ನಿಂತವಳು ಸೂಜಿಗೆ ಹೆದರುತ್ತಾಳೆಯೇ? ಹೆದರಿದ್ದಳು! ಆದರೆ ಆಸ್ಪತ್ರೆಯಿಂದ ಬಂದ ಈ ಹುಡುಗನೆದುರು ಅದನ್ನು ತೋರಿಸಿಕೊಳ್ಳಲು ಮನಸ್ಸಿರಲಿಲ್ಲ.

ದಿನವೂ ಹೊಗೆಯಲ್ಲಿ ದುಡಿಯುವವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದ್ದರೆ, ಅದರ ಗುರುತು ರಕ್ತದಲ್ಲೇ ಸಿಗುತ್ತದೆಯೇ ಎಂದು ನೋಡುವ ಅಧ್ಯಯನವದು. ಆ ಹುಡುಗ, ರಘುನಾಥ್, ಟ್ಯೂಬಿನ ಮೇಲೆ 'ನಲವತ್ತೊಂದು' ಎಂಬ ಚೀಟಿ ಅಂಟಿಸಿದ. ಅದು ತಲೆಕೆಳಗಾಯಿತು; ಕಿತ್ತು ಮತ್ತೆ ಅಂಟಿಸಿದ.

"ನಿಮ್ಗೇ ಭಯಾನಾ?" ಎಂದು ನಕ್ಕಳು.

ಆ ನಗುವಿಗೆ ಬಿದ್ದವನು ಮತ್ತೆ ಏಳಲಿಲ್ಲ. ವಾರಕ್ಕೆರಡು ಸಲ ಮಂಡಕ್ಕಿ ಕೊಳ್ಳುವ ನೆಪ... ಪಾಪ, ಹೊಳಲ್ಕೆರೆಯ ಅವನ ಮನೆಯಲ್ಲಿ ಮಂಡಕ್ಕಿ ತಿಂದು ತಿಂದು ಎಲ್ಲರಿಗೂ ಸಾಕಾಗಿತ್ತು! ಆರು ತಿಂಗಳಿಗೆ ಎರಡೂ ಕಡೆಯವರು ಮದುವೆಗೆ ಒಪ್ಪಿದರು. ಬರುವ ಸೋಮವಾರ ಸಂಜೆ ಹೂ ಮುಡಿಸುವ ಶಾಸ್ತ್ರ.

ಗುರುವಾರ ಆಸ್ಪತ್ರೆಯಿಂದ ಫೋನ್ ಬಂತು.

"ನಿಮ್ಮ ರಕ್ತದಲ್ಲಿ ಒಂದು ಗುರುತು ಹೆಚ್ಚಿದೆ. ಇಷ್ಟಕ್ಕೇ ಕ್ಯಾನ್ಸರ್ ಅಂತ ಹೇಳಕ್ಕಾಗಲ್ಲ. ಸೋಮವಾರ ಬೆಳಿಗ್ಗೆ ಸ್ಕ್ಯಾನ್‌ಗೆ ಬನ್ನಿ."

ಕ್ಯಾನ್ಸರ್... ಅವಳಿಗೆ ಕೇಳಿಸಿದ್ದು ಅದೊಂದೇ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ರಕ್ತ ತೆಗೆದವನೇ ಅವನು. ಮೊದಲೇ ಗೊತ್ತಿತ್ತಾ? ಸಾಯುವವಳೆಂದು ಕನಿಕರಪಟ್ಟು ಒಪ್ಪಿದನಾ?

ಅವನಿಗೆ ಫೋನ್ ಮಾಡಿದಳು.

"ಶಾಸ್ತ್ರ ಬ್ಯಾಡ. ನಿನ್ನ ಕನಿಕರಾನೂ ಬ್ಯಾಡ. ನನ್ ರಕ್ತದಾಗೆ ಏನೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು!"

ಅವನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡಿದಳು. ಆಮೇಲೆ ಅವನ ಒಂದು ಕರೆಯನ್ನೂ ಎತ್ತಲಿಲ್ಲ.

ಸೋಮವಾರ ಸ್ಕ್ಯಾನ್ ಕೋಣೆಯ ಹೊರಗೆ ಒಬ್ಬಳೇ ಕೂತಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನರ್ಸ್ ಹೇಳಿದಂತೆ ಓಲೆ, ಸರ, ಬಳೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿದಳು. ಬೋಳು ಕೈ ನೋಡಿ ಅಳು ಒತ್ತರಿಸಿ ಬಂತು. ದೇವರೇ, ನಾನು ಬದುಕಬೇಕು... ಅವನ ಜೊತೆಗೇ ಬದುಕಬೇಕು!

"ಯಮುನಾ!"

ರಘುನಾಥ್! ಹಿಂದೆಯೇ ಏದುಸಿರು ಬಿಡುತ್ತಾ ಅವನ ತಾಯಿ ಸಿದ್ದಕ್ಕ.

"ನಂಗೆ ಗೊತ್ತಿರ್ಲಿಲ್ಲ ಕಣೇ. ನಿನ್ ನಂಬರ್ ನಲವತ್ತೊಂದು ಅಂತ ನೆನಪೈತೆ, ಆದ್ರೆ ರಿಪೋರ್ಟ್ ನಮ್ ಕೈಗೆ ಬರಲ್ಲ. ಆರು ತಿಂಗ್ಳು ಫ್ರೀಜರ್‌ನಾಗಿದ್ದ ರಕ್ತ, ಹೋದ ವಾರ ಟೆಸ್ಟ್ ಮಾಡವ್ರೆ. ನೀನು ರಕ್ತ ಅಂದಾಗ್ಲೇ ಅನುಮಾನ ಬಂತು, ಸ್ಕ್ಯಾನ್ ಪಟ್ಟಿನಾಗೆ ನಿನ್ ನಂಬರ್ ನೋಡಿ ಅವ್ವನ್ನ ಕರ್ಕಂಡು ಬಂದೆ..."

"ಈಗ ಗೊತ್ತಾಯ್ತಲ್ಲ. ಹೋಗು!"

ಸಿದ್ದಕ್ಕ ಚೀಲದಿಂದ ಒಂದು ಮೊಳ ಕನಕಾಂಬರ ತೆಗೆದರು. "ಶಾಸ್ತ್ರ ಇವತ್ತೇ ಅಲ್ವೇನವ್ವ? ಆ ಕಡೆ ತಿರುಗು."

"ರಿಪೋರ್ಟ್ ಬರ್ಲಿ ಅತ್ತೆ... ಕೆಟ್ಟದ್ದೇ ಬಂದ್ರೆ?"

"ನಂಗೂ ಭಯ ಐತೆ ಕಣವ್ವ. ಆದ್ರೆ ಆಮೇಲೆ ಮುಡಿಸಿದ್ರೆ, ರಿಪೋರ್ಟ್ ನೋಡಿ ಒಪ್ಕಂಡ್ರು ಅಂತ ನಿನ್ ಮನ್ಸಿನಾಗೆ ಉಳ್ಕಂತೈತೆ."

ಆ ಮಾತಿಗೆ ಅವಳ ಹಟವೆಲ್ಲ ಕರಗಿತು. ಸಿದ್ದಕ್ಕ ಅವಳ ಜಡೆಗೆ ಹೂ ಮುಡಿಸಿದರು.

ಬಾಗಿಲು ತೆರೆಯಿತು. "ಹೇರ್‌ಪಿನ್ ಇದ್ರೆ ತೆಗೀರಿ," ಎಂದಳು ನರ್ಸ್.

"ಪಿನ್ ಇಲ್ಲಮ್ಮ, ದಾರದಾಗೆ ಕಟ್ಟೀನಿ," ಎಂದರು ಸಿದ್ದಕ್ಕ.

ಯಮುನಾ ಕರ್ಚೀಫಿನ ಗಂಟನ್ನು ರಘುನಾಥನ ಅಂಗೈಗೆ ಹಾಕಿದಳು. "ತುಂಬಾ ಭಯ ಆಗ್ತೈತೆ ಕಣೋ..."

"ಕಣ್ಣು ಮುಚ್ಕ. ಮುಗೀತು ಅಂದಾಗ ತೆಗಿ."

"ತೆಗೆದಾಗ ಇರ್ತೀಯಾ?"

"ನಿನ್ ಓಲೆ, ಬಳೆ ನನ್ ಕೈಯಾಗವೆ. ಎಲ್ಲಿಗೆ ಹೋಗ್ಲಿ?"

ಈ ಸಲ ಯಮುನಾ ಕಣ್ಣು ಮುಚ್ಚಿದಳು.